ಪುದೀನ, ಕಪ್ಪು ದ್ರಾಕ್ಷಿ, ಬರ್ಬನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಚಿಕ್ಕಬಳ್ಳಾಪುರದ ಪಕ್ಕದ ಒಂದು ಹಳ್ಳಿ. ಮನೆ ಹಿಂದೆ ಅರ್ಧ ಎಕರೆ ಕಪ್ಪು ದ್ರಾಕ್ಷಿ ಚಪ್ಪರ ಇದೆ. ನಂದಿ ಬೆಟ್ಟಕ್ಕೆ ಬಂದ ನೆಂಟರು, ಸ್ನೇಹಿತರು ಇಳಿಯುವಾಗ ನಮ್ಮನೆಗೆ ಬಂದೇ ಹೋಗುತ್ತಾರೆ. ಮೂರು ವರ್ಷದ ಹಿಂದೆ ಒಂದು ಸಂಜೆ ಚಪ್ಪರದ ಕೆಳಗೆ ಕೂತು ಪುದೀನ, ಕಪ್ಪು ದ್ರಾಕ್ಷಿ, ಬರ್ಬನ್ ಅನ್ನೋ ಅಮೆರಿಕದ ವಿಸ್ಕಿ ಸೇರಿಸಿ ಈ ಡ್ರಿಂಕ್ ಮಾಡಿಕೊಟ್ಟೆ. ಅವತ್ತಿನಿಂದ ಫೋನ್ ನಿಂತಿಲ್ಲ. "ಎಷ್ಟು ನಿಂಬೆ ಹಾಕಿದ್ರಿ ಭಾವ?", "ಪುದೀನ ಯಾಕೆ ಕಹಿ ಆಯ್ತು ಅಣ್ಣ?" ಅಂತ ಒಬ್ಬರಾದ ಮೇಲೆ ಒಬ್ಬರು. ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಇದು 21 ದಾಟಿದವರಿಗೆ, ಅದರಲ್ಲೂ ಮೊದಲೇ ಕುಡಿಯುವ ಅಭ್ಯಾಸ ಇರುವವರಿಗೆ. ಕುಡಿಯದವರು ಶುರು ಮಾಡಲಿ ಅಂತ ಬರೆದದ್ದಲ್ಲ. ಅವರಿಗೆ ಕೆಳಗೆ ಬೇರೆ ಲೋಟ ಇದೆ.

ಈ ಡ್ರಿಂಕಿಗೆ ಹೆಸರೇನು?

ಬಾರ್ ಭಾಷೆಯಲ್ಲಿ ಇದು "ಸ್ಮ್ಯಾಶ್" ಜಾತಿಗೆ ಸೇರಿದ್ದು. ಮದ್ಯ, ಪುದೀನ, ಸಕ್ಕರೆ, ಹಣ್ಣು, ಐಸ್ ಸೇರಿದರೆ ಸ್ಮ್ಯಾಶ್. ಇದರ ದೊಡ್ಡಣ್ಣ "ಮಿಂಟ್ ಜೂಲೆಪ್". ಅದರಲ್ಲಿ ಹಣ್ಣೂ ಇಲ್ಲ, ನಿಂಬೆಯೂ ಇಲ್ಲ. ಬರ್ಬನ್, ಪುದೀನ, ಸಕ್ಕರೆ, ಗುಡ್ಡದ ಹಾಗೆ ಪುಡಿ ಐಸ್, ಅಷ್ಟೇ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಪ್ರತಿ ಮೇ ತಿಂಗಳ ಮೊದಲ ಶನಿವಾರ ಕೆಂಟಕಿ ಡರ್ಬಿ ಅನ್ನೋ ಕುದುರೆ ರೇಸ್ ನಡೆಯುತ್ತದೆ. 1875ರಿಂದ ನಡೆದುಕೊಂಡು ಬಂದಿರುವ ಆ ರೇಸಿನ ಖಾಯಂ ಪಾನೀಯ ಜೂಲೆಪ್.

ಜೂಲೆಪ್ ಅನ್ನೋ ಪದದ ಕಥೆ ನನಗೆ ತುಂಬಾ ಇಷ್ಟ. ಪರ್ಷಿಯನ್ ಭಾಷೆಯಲ್ಲಿ "ಗುಲ್" ಅಂದರೆ ಗುಲಾಬಿ, "ಆಬ್" ಅಂದರೆ ನೀರು. ಗುಲಾಬ್ ಅಂದರೆ ಪನ್ನೀರು. ಅದು ಅರಬ್ಬಿಗೆ ಹೋಗಿ ಜುಲಾಬ್ ಆಯಿತು, ಯೂರೋಪಿಗೆ ಹೋಗಿ ಔಷಧಿ ಬೆರೆಸುವ ಸಿಹಿ ನೀರು ಆಯಿತು, ಅಮೆರಿಕಕ್ಕೆ ಹೋಗಿ ಹೀಗೆ ಎಣ್ಣೆ ಆಯಿತು. ಅದೇ ಜುಲಾಬ್ ಇನ್ನೊಂದು ದಾರಿ ಹಿಡಿದು, ಹೊಟ್ಟೆ ಸಡಿಲ ಮಾಡುವ ಔಷಧಿಯ ಹೆಸರಾಗಿ ನಮ್ಮ ಕಡೆಗೂ ಬಂತು. ಹೌದು, ನಮ್ಮಜ್ಜಿ ಮುಖ ಸಿಂಡರಿಸಿಕೊಂಡು ಹೇಳುತ್ತಿದ್ದ "ಜುಲಾಬು" ಅದೇ. ಈ ವಿಷಯ ಲೋಟ ಖಾಲಿ ಆದ ಮೇಲೆ ಹೇಳಿ, ಮೊದಲೇ ಬೇಡ.

ಅಳತೆ ಹೇಳಿ ಸಾಕು, ಕಥೆ ಆಮೇಲೆ

ಒಂದು ಲೋಟಕ್ಕೆ:

ಬರ್ಬನ್ 60 ಮಿ.ಲೀ.
ಬೆಂಗಳೂರು ಬ್ಲೂ (ನಮ್ಮ ಕಡೆಯ ಕಪ್ಪು ದ್ರಾಕ್ಷಿ) 12
ನಿಂಬೆ ರಸ 20 ಮಿ.ಲೀ.
ಸಕ್ಕರೆ ಪಾಕ 15 ಮಿ.ಲೀ.
ಪುದೀನ ಎಲೆ 8ರಿಂದ 10, ಮೇಲೆ ಸಿಕ್ಕಿಸಲು ಒಂದು ತುದಿ
ಐಸ್ ಧಾರಾಳ

ಪೆಗ್ ಅಳತೆ ಇಲ್ಲವಾ? ಕೆಮ್ಮಿನ ಸಿರಪ್ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳದಲ್ಲಿ 5, 10 ಅಂತ ಗೆರೆ ಇರುತ್ತದೆ. ಚೆನ್ನಾಗಿ ತೊಳೆದು ಅದನ್ನೇ ಬಳಸಿ. ನಾನು ಮೊದಲ ಒಂದು ವರ್ಷ ಅದರಲ್ಲೇ ಅಳೆದದ್ದು. ಕಣ್ಣಳತೆ ಮಾತ್ರ ಬೇಡ. ಸಾರಿಗೆ ಉಪ್ಪು ಹಾಕಿದಂತಲ್ಲ ಇದು. 5 ಮಿ.ಲೀ. ನಿಂಬೆ ಜಾಸ್ತಿಯಾದರೂ ಹಲ್ಲು ಜುಂ ಅನ್ನುತ್ತದೆ.

ಮಾಡೋದು ಹೇಗೆ?

ಗಟ್ಟಿ ತಳದ ಸ್ಟೀಲ್ ಡಬ್ಬಿಗೆ ದ್ರಾಕ್ಷಿ, ಪಾಕ ಹಾಕಿ. ದ್ರಾಕ್ಷಿಯನ್ನು ಕಿವುಚಿ, ಅರೆಯಬೇಡಿ. ಮಸ್ಸೊಪ್ಪಿಗೆ ಬಳಸುವ ಕಡಗೋಲಿದ್ದರೆ ಅದು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಮ್ಮ ಕಡೆ ತೆಲುಗು ಮನೆಗಳಲ್ಲಿ ಪಪ್ಪುಗುತ್ತಿ ಅನ್ನುತ್ತಾರಲ್ಲ, ಅದೇ. ಹಣ್ಣು "ಪಟ್" ಅಂತ ಒಡೆದು ಒಳಗಿನ ಹಸಿರು ತಿರುಳು ಜಾರಿ ಹೊರಗೆ ಬಂದರೆ ಸಾಕು. ಬೀಜ ಒಡೆಯಬಾರದು. ಒಡೆದರೆ ಒಗರು ಬಿಡುತ್ತದೆ, ಆಮೇಲೆ ಎಷ್ಟು ಸಕ್ಕರೆ ಸುರಿದರೂ ಹೋಗುವುದಿಲ್ಲ.

ಆಮೇಲೆ ಪುದೀನ, ನಿಂಬೆ ರಸ, ಬರ್ಬನ್ ಹಾಕಿ. ಡಬ್ಬಿ ಮುಕ್ಕಾಲು ತುಂಬುವಷ್ಟು ಐಸ್ ಹಾಕಿ ಮುಚ್ಚಳ ಬಿಗಿ ಮಾಡಿ. 12ರಿಂದ 15 ಸೆಕೆಂಡ್ ಜೋರಾಗಿ ಕುಲುಕಿ. ಡಬ್ಬಿ ಹೊರಗೆಲ್ಲ ಬಿಳಿ ಮಂಜು ಕಟ್ಟಿ ಬೆರಳು ಅಂಟಿದ ಹಾಗಾದಾಗ ನಿಲ್ಲಿಸಿ. ಹೊಸ ಐಸ್ ತುಂಬಿದ ಲೋಟಕ್ಕೆ ಟೀ ಸೋಸುವ ಜರಡಿಯಲ್ಲಿ ಸೋಸಿ. ಬಣ್ಣ ನೋಡಿ, ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆ ಥರ ಇರುತ್ತದೆ. ಮೇಲೆ ಪುದೀನ ತುದಿ ಸಿಕ್ಕಿಸಿ. ಅದು ಚೆಂದಕ್ಕಷ್ಟೇ ಅಲ್ಲ, ಕುಡಿಯುವಾಗ ಮೂಗಿಗೆ ತಾಗಬೇಕು.

ಪುದೀನ ಎಷ್ಟು ಜಜ್ಜಬೇಕು?

ಜಜ್ಜಲೇಬೇಡಿ.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಮೊದಲ ಸಲ ಮಾಡಿದಾಗ ಒಂದು ಹಿಡಿ ಪುದೀನ ತಗೊಂಡು, ಸಕ್ಕರೆ ಜೊತೆ ಕುಟ್ಟಾಣಿಗೆ ಹಾಕಿ ಶುಂಠಿ ಕುಟ್ಟಿದ ಹಾಗೆ ಕುಟ್ಟಿದೆ. ಜಾಸ್ತಿ ಕುಟ್ಟಿದಷ್ಟೂ ಜಾಸ್ತಿ ಘಮ ಅಂದುಕೊಂಡಿದ್ದೆ. ಲೋಟದಲ್ಲಿ ಕೆರೆ ಪಾಚಿ ಬಣ್ಣದ ಏನೋ ಕೂತಿತ್ತು. ನಮ್ಮ ಭಾವ ಒಂದು ಗುಟುಕು ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು, "ಇದಕ್ಕೆ ಒಂಚೂರು ಉಪ್ಪು, ಎರಡು ಹಸಿಮೆಣಸಿನಕಾಯಿ ಹಾಕಪ್ಪ, ಬೆಳಗ್ಗೆ ಇಡ್ಲಿಗಾಗುತ್ತೆ" ಅಂದರು. ಇವತ್ತಿಗೂ ನಮ್ಮನೆಯಲ್ಲಿ ಯಾರಾದರೂ ಪುದೀನ ತಂದರೆ ಆ ಮಾತು ಬರುತ್ತದೆ.

ಆಗಿದ್ದೇನು ಅಂದರೆ, ಪುದೀನದ ಘಮದ ಎಣ್ಣೆ ಎಲೆಯ ಒಳಗೆ ಆಳದಲ್ಲಿಲ್ಲ. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ಇದೆ. ಸುಮ್ನೆ ಮುಟ್ಟಿದರೆ ಸಾಕು, ಅವು ಒಡೆಯುತ್ತವೆ. ಗಿಡದ ಪಕ್ಕ ಕಾಲು ಸವರಿದರೂ ವಾಸನೆ ಬರುತ್ತದಲ್ವಾ, ಅದಕ್ಕೇ. ಎಲೆಯನ್ನೇ ಹರಿದು ಅರೆದರೆ ಒಳಗಿನ ಹಸಿರು ರಸ, ಕಹಿ, ಹುಲ್ಲಿನ ರುಚಿ ಎಲ್ಲ ಹೊರಗೆ ಬರುತ್ತವೆ.

ಸರಿಯಾದ ರೀತಿ ಇದು: ಎಲೆಗಳನ್ನು ಒಂದು ಅಂಗೈ ಮೇಲಿಟ್ಟು ಇನ್ನೊಂದು ಕೈಯಿಂದ ಒಂದೇ ಒಂದು ಚಪ್ಪಾಳೆ ಹೊಡೆಯಿರಿ. ಕೈ ಮೂಸಿ ನೋಡಿ. ಘಮ್ ಅಂದರೆ ಡಬ್ಬಿಗೆ ಹಾಕಿ. ಉಳಿದ ಕೆಲಸ ಕುಲುಕುವಾಗ ಐಸ್ ಮಾಡುತ್ತದೆ.

ಯಾವ ಪುದೀನ? ಸೊಪ್ಪಿನಂಗಡಿಯದು ಆಗುತ್ತಾ?

ಧಾರಾಳವಾಗಿ ಆಗುತ್ತದೆ. ನಮ್ಮ ಸೊಪ್ಪಿನಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇಂಗ್ಲಿಷಿನವರು ಸ್ಪಿಯರ್‌ಮಿಂಟ್ ಅನ್ನುವ ಜಾತಿ. ಜೂಲೆಪ್‌ಗೂ ಅವರು ಅದನ್ನೇ ಬಳಸುತ್ತಾರೆ. ಇದರ ವಾಸನೆಗೆ ಮುಖ್ಯ ಕಾರಣ ಕಾರ್ವೋನ್ ಅನ್ನುವ ಪದಾರ್ಥ. ಪೆಪ್ಪರ್‌ಮಿಂಟ್‌ನಲ್ಲಿ ಇರುವುದು ಮೆಂಥಾಲ್. ಅದು ಬಾಯಲ್ಲಿ ತಂಪು ತಿಳಿಯುವ ನರಗಳನ್ನು ಮೋಸ ಮಾಡುತ್ತದೆ, ನಿಜವಾದ ತಂಪಿಲ್ಲದಿದ್ದರೂ ಚಳಿ ಅನ್ನಿಸುತ್ತದೆ. ಟೂತ್‌ಪೇಸ್ಟ್, ನೋವಿನ ಮುಲಾಮು ನೆನಪಾಗುವುದು ಅದರಿಂದಲೇ. ಮೆಂಥಾಲ್ ಜಾಸ್ತಿ ಇರುವ ಪುದೀನ ಹಾಕಿದರೆ ಬರ್ಬನ್ ಕುಡಿದು ಹಲ್ಲುಜ್ಜಿದ ಹಾಗಿರುತ್ತದೆ.

ಒಂದು ತಮಾಷೆ ಗೊತ್ತಾ? ಸಬ್ಬಸಿಗೆ ಬೀಜದಲ್ಲಿ ಇರುವುದೂ ಕಾರ್ವೋನೇ. ಎಡಗೈ ಬಲಗೈ ಇದ್ದ ಹಾಗೆ, ಕನ್ನಡಿಯಲ್ಲಿ ತಿರುಗಿಸಿಟ್ಟ ಅದೇ ಅಣು. ಮೂಗಿಗೆ ಮಾತ್ರ ಒಂದು ಪುದೀನ, ಇನ್ನೊಂದು ಸಬ್ಬಸಿಗೆ.

ಕಟ್ಟು ತರುವಾಗ ಎಲೆ ಚಿಕ್ಕದಾಗಿ ನೆಟ್ಟಗಿರುವುದನ್ನು ಆರಿಸಿ. ಕಪ್ಪಗಾದ ತುದಿ ಬೇಡ. ತೊಳೆದು, ನೀರು ಒದರಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ.

ಬರ್ಬನ್ ಅಂದ್ರೆ ವಿಸ್ಕಿನೇ ಅಲ್ವಾ?

ವಿಸ್ಕಿಯೇ. ಆದರೆ ಎಲ್ಲ ವಿಸ್ಕಿ ಬರ್ಬನ್ ಅಲ್ಲ. ಅಮೆರಿಕದ ಕಾನೂನು ಇದಕ್ಕೆ ಕಟ್ಟುನಿಟ್ಟಾದ ಲೆಕ್ಕ ಇಟ್ಟಿದೆ. ಅಮೆರಿಕದಲ್ಲೇ ಮಾಡಿರಬೇಕು. ಧಾನ್ಯದಲ್ಲಿ ಕನಿಷ್ಠ ಶೇ 51 ಮುಸುಕಿನ ಜೋಳ ಇರಬೇಕು. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಟ್ಟಿರಬೇಕು. ಬಾಟಲಿಯಲ್ಲಿ ಕನಿಷ್ಠ ಶೇ 40 ಆಲ್ಕೋಹಾಲ್ ಇರಬೇಕು. ಬಣ್ಣ, ಎಸೆನ್ಸ್ ಏನೂ ಸೇರಿಸುವಂತಿಲ್ಲ. ಬಾಟಲಿ ಮೇಲೆ "ಸ್ಟ್ರೇಟ್" ಅಂತ ಇದ್ದರೆ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ ಕೂತಿದೆ ಅಂತ ಅರ್ಥ. ಕೆಂಟಕಿಯಲ್ಲೇ ಆಗಬೇಕು ಅಂತೇನಿಲ್ಲ, ಹೆಚ್ಚಿನದು ಅಲ್ಲಿಂದ ಬರುತ್ತದೆ ಅಷ್ಟೇ. 1964ರಲ್ಲಿ ಅಲ್ಲಿನ ಸಂಸತ್ತು, ಅಂದರೆ ಅಮೆರಿಕದ ಕಾಂಗ್ರೆಸ್, ಇದು ಅಮೆರಿಕದ್ದೇ ವಿಶಿಷ್ಟ ಪಾನೀಯ ಅಂತ ನಿರ್ಣಯ ಮಾಡಿತು.

ಗೌರಿಬಿದನೂರು ಕಡೆ ಹೋಗುವಾಗ ರಸ್ತೆ ಪಕ್ಕ ಕಾಣುತ್ತದಲ್ಲ ಮುಸುಕಿನ ಜೋಳದ ಹೊಲ, ಬರ್ಬನ್‌ನ ಬೇರು ಅಂಥ ಹೊಲದಲ್ಲೇ. ನಾಲಿಗೆಗೆ ತಾಗುವ ಒಂದು ಥರದ ಸಿಹಿ, ದುಂಡನೆ ರುಚಿ ಆ ಜೋಳದ್ದು. ಜೊತೆಗೆ ಮೊಳಕೆ ಬಾರ್ಲಿ ಇರುತ್ತದೆ, ರೈ ಅನ್ನುವ ಧಾನ್ಯ ಅಥವಾ ಗೋಧಿ ಇರುತ್ತದೆ. ರೈ ಜಾಸ್ತಿ ಇದ್ದರೆ ಮೆಣಸಿನ ಚುರುಕು, ಗೋಧಿ ಇದ್ದರೆ ಮೃದು.

ಬರ್ಬನ್‌ನಲ್ಲಿ ಕೊಬ್ಬರಿ ವಾಸನೆ ಬರುತ್ತೆ ಅಂದ್ರೆ ಎಲ್ಲರೂ ನಗ್ತಾರೆ. ನನ್ನ ಮೂಗು ಸರಿ ಇದೆಯಾ?

ಈ ಪ್ರಶ್ನೆ ಕೇಳಿದವರು ತಿಪಟೂರಿನವರು. ಅವರ ಮೂಗಿಗೆ ನೂರಕ್ಕೆ ನೂರು. ಅಮೆರಿಕದ ಬಿಳಿ ಓಕ್ ಮರದಲ್ಲಿ ಲ್ಯಾಕ್ಟೋನ್ ಅನ್ನುವ ಪದಾರ್ಥ ಜಾಸ್ತಿ. ಅದರ ವಾಸನೆ ಕೊಬ್ಬರಿಯದೇ. ಹುಟ್ಟಿದಾಗಿನಿಂದ ಕೊಬ್ಬರಿ ಮಂಡಿಯ ಗಾಳಿ ಕುಡಿದವರಿಗೆ ಅದು ಮೊದಲು ತಿಳಿಯುವುದರಲ್ಲಿ ಏನು ಆಶ್ಚರ್ಯ?

ಉಳಿದ ಘಮವೂ ಬಹಳಷ್ಟು ಪೀಪಾಯಿಯ ಸಾಲವೇ. ಮರವನ್ನು ಒಳಗೆ ಬೆಂಕಿ ಹಾಕಿ ಸುಟ್ಟಾಗ ಮರದ ಸಕ್ಕರೆ ಕಂದಿ ಕ್ಯಾರಮೆಲ್ ಥರ ಆಗುತ್ತದೆ. ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ, ಅಂದರೆ ಐಸ್‌ಕ್ರೀಮಿನ ವೆನಿಲಾ ವಾಸನೆ. ಪೀಪಾಯಿ ಹೊಸದೇ ಆಗಿರಬೇಕು ಅನ್ನುವ ನಿಯಮ ಇರುವುದರಿಂದ ಇದೆಲ್ಲ ಬರ್ಬನ್‌ಗೆ ದಟ್ಟವಾಗಿ ಸಿಗುತ್ತದೆ. ಒಂದು ಸಲ ಬಳಸಿದ ಪೀಪಾಯಿಗಳನ್ನು ಸ್ಕಾಟ್ಲೆಂಡಿನವರು ಕೊಂಡುಹೋಗಿ ತಮ್ಮ ವಿಸ್ಕಿ ತುಂಬುತ್ತಾರೆ. ಎರಡನೇ ಡಿಕಾಕ್ಷನ್ ಇದ್ದ ಹಾಗೆ.

ಪುದೀನ ಇದಕ್ಕೆ ಯಾಕೆ ಹೊಂದುತ್ತದೆ ಅನ್ನುವುದೂ ಇಲ್ಲೇ ಇದೆ. ವೆನಿಲಾ, ಕ್ಯಾರಮೆಲ್, ಕೊಬ್ಬರಿ ಎಲ್ಲ ಬಾಯಲ್ಲಿ ಭಾರವಾಗಿ ಕೂರುವ ರುಚಿಗಳು. ಹೋಳಿಗೆ ತಿಂದ ಮೇಲೆ ಎಲೆಯಡಿಕೆ ಬೇಕು ಅನ್ನಿಸುವುದಿಲ್ವಾ? ಇಲ್ಲಿ ಆ ಕೆಲಸ ಪುದೀನದ್ದು.

ಬೋರ್ಬನ್ ಬಿಸ್ಕೆಟ್‌ಗೂ ಇದಕ್ಕೂ ಸಂಬಂಧ ಇದೆಯಾ?

ಬಿಸ್ಕೆಟ್‌ನಲ್ಲಿ ಒಂದು ಹನಿ ಮದ್ಯವೂ ಇಲ್ಲ, ಮಕ್ಕಳಿಗೆ ಧೈರ್ಯವಾಗಿ ಕೊಡಿ. ಹೆಸರಿಗೆ ಮಾತ್ರ ದೂರದ ದಾಯಾದಿ. ಫ್ರಾನ್ಸ್ ಆಳಿದ ರಾಜಮನೆತನದ ಹೆಸರು ಬೂರ್ಬನ್. ಬಿಸ್ಕೆಟ್‌ಗೆ ಆ ಹೆಸರೇ ಇಟ್ಟರು. ಕೆಂಟಕಿಯ ಒಂದು ಸೀಮೆಗೂ ಆ ಮನೆತನದ ಹೆಸರೇ ಬಂತು. ಮದ್ಯಕ್ಕೆ ಹೆಸರು ಆ ಸೀಮೆಯಿಂದ ಬಂತೋ, ನ್ಯೂ ಆರ್ಲಿಯನ್ಸ್‌ನ ಬರ್ಬನ್ ಬೀದಿಯಿಂದ ಬಂತೋ ಅಂತ ಅವರವರಲ್ಲೇ ಜಗಳ ಇದೆ.

ಯಾವ ಬಾಟಲಿ ತರಲಿ? ಸಿಗದಿದ್ದರೆ?

ದೊಡ್ಡ ಅಂಗಡಿಗಳಲ್ಲಿ ಜಿಮ್ ಬೀಮ್ ಸಾಮಾನ್ಯವಾಗಿ ಇರುತ್ತದೆ, ಈ ಡ್ರಿಂಕಿಗೆ ಅದು ಸಾಕು. ಮೇಕರ್ಸ್ ಮಾರ್ಕ್ ಗೋಧಿ ಹಾಕಿದ ಮೃದು ಬರ್ಬನ್. ನಾನಾದರೆ ಅದನ್ನು ಬರೀ ಐಸ್ ಜೊತೆ ಕುಡಿಯಲು ಇಟ್ಟುಕೊಳ್ಳುತ್ತೇನೆ. ಹಣ್ಣು, ನಿಂಬೆ ಸುರಿಯುವ ಲೋಟಕ್ಕೆ ದುಬಾರಿ ಬಾಟಲಿ ದಂಡ. ಆಮದು ಬರ್ಬನ್ ಮೇಲಿನ ಸುಂಕವನ್ನು ಕೇಂದ್ರ ಸರ್ಕಾರ 2025ರ ಫೆಬ್ರವರಿಯಲ್ಲಿ ಶೇ 150ರಿಂದ 100ಕ್ಕೆ ಇಳಿಸಿತು. ಆದರೂ ಅಗ್ಗ ಅನ್ನುವಂತಿಲ್ಲ.

ಜ್ಯಾಕ್ ಡೇನಿಯಲ್ಸ್ ತನ್ನನ್ನು ಬರ್ಬನ್ ಅಂತ ಕರೆದುಕೊಳ್ಳುವುದಿಲ್ಲ, ಟೆನೆಸ್ಸೀ ವಿಸ್ಕಿ ಅನ್ನುತ್ತದೆ. ಪೀಪಾಯಿಗೆ ತುಂಬುವ ಮೊದಲು ಮೇಪಲ್ ಮರದ ಇದ್ದಿಲಿನಲ್ಲಿ ಸೋಸುತ್ತಾರೆ. ನಮ್ಮ ಕೆಲಸಕ್ಕೆ ಯಾವ ತೊಂದರೆಯೂ ಇಲ್ಲ, ಹಾಕಿ.

ನಮ್ಮ ದೇಶದ ಸಾದಾ ವಿಸ್ಕಿ? ಅದರಲ್ಲಿ ಹೆಚ್ಚಿನವು ಕಬ್ಬಿನ ಕಾಕಂಬಿಯಿಂದ ಅಥವಾ ಧಾನ್ಯದಿಂದ ತೆಗೆದ ಸಪ್ಪೆ ಸ್ಪಿರಿಟ್‌ಗೆ ಒಂದಿಷ್ಟು ಮಾಲ್ಟ್ ಬೆರೆಸಿದವು. ಕುಡಿಯಲು ಆಗುತ್ತದೆ, ಆದರೆ ಜೋಳದ ಸಿಹಿ, ಓಕ್‌ನ ಕೊಬ್ಬರಿ ಇರುವುದಿಲ್ಲ. ಸಕ್ಕರೆ ಪಾಕದ ಬದಲು ಬೆಲ್ಲದ ಪಾಕ ಹಾಕಿದರೆ ಸ್ವಲ್ಪ ಹತ್ತಿರ ಬರುತ್ತದೆ. ಹೊಗೆ ವಾಸನೆಯ ಸ್ಕಾಚ್ ಮಾತ್ರ ಬೇಡ. ಹೊಗೆ, ಪುದೀನ ಎರಡೂ ಒಂದೇ ಲೋಟದಲ್ಲಿ ಇದ್ದರೆ ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ ಇದ್ದ ಹಾಗೆ.

ಬೀಜ ಇಲ್ಲದ ಹಸಿರು ದ್ರಾಕ್ಷಿ ಹಾಕಬಹುದಾ?

ಹಾಕಬಹುದು, ಆದರೆ ರುಚಿ ಬಾಯಿಗೆ ನಿಲ್ಲುವುದಿಲ್ಲ. ಹಸಿರು ದ್ರಾಕ್ಷಿಯಲ್ಲಿ ಸಿಹಿ ಇದೆ, ನೀರಿದೆ, ವಾಸನೆ ಕಡಿಮೆ. ದಿಲ್‌ಖುಷ್ ಅನ್ನುವ ಹಸಿರು ತಳಿಯೂ ತಿನ್ನಲು ಚೆನ್ನ, ಬರ್ಬನ್ ಎದುರು ಅದರ ದನಿಯೇ ಕೇಳಿಸುವುದಿಲ್ಲ.

ಬೆಂಗಳೂರು ಬ್ಲೂ ಹಾಗಲ್ಲ. ಬುಟ್ಟಿ ಕೋಣೆಯಲ್ಲಿಟ್ಟರೆ ಮನೆಯೆಲ್ಲ ಗೊತ್ತಾಗುತ್ತದೆ. ಸಿಪ್ಪೆ ದಪ್ಪ, ಮೇಲೆ ಬೂದಿ ಸವರಿದ ಹಾಗೆ ಬಿಳಿ ಪುಡಿ. ಎರಡು ಬೆರಳಲ್ಲಿ ಒತ್ತಿದರೆ ತಿರುಳು ಗೋಲಿ ಹಾಗೆ ಚಿಮ್ಮಿ ಸಿಪ್ಪೆ ಮಾತ್ರ ಕೈಯಲ್ಲಿ ಉಳಿಯುತ್ತದೆ. ಹುಳಿ ಇದೆ, ಸಿಹಿ ಇದೆ, ಸಿಪ್ಪೆಯಲ್ಲಿ ಒಂಚೂರು ಒಗರೂ ಇದೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಬೆಳೆ ಇದು, ವರ್ಷಕ್ಕೆ ಎರಡು ಸಲ ಬರುತ್ತದೆ. 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಇದರ ಮೂಲ ಕೆದಕಿದರೆ ಇನ್ನೂ ಮಜಾ. ಇದು ಲ್ಯಾಬ್ರುಸ್ಕಾ ಅನ್ನುವ ಅಮೆರಿಕದ ದ್ರಾಕ್ಷಿ ಬಳಗದ ರಕ್ತ ಇರುವ ತಳಿ. ಆ ವಿಶೇಷ ಘಮ ಆ ಕಡೆಯದು. ಮುಸುಕಿನ ಜೋಳವೂ ಅಮೆರಿಕ ಖಂಡದ ಬೆಳೆ. ಅಂದರೆ ಜೋಳ, ದ್ರಾಕ್ಷಿ ಎರಡೂ ಅಲ್ಲೇ ಹುಟ್ಟಿ, ಒಂದು ಪೀಪಾಯಿ ಸೇರಿ, ಇನ್ನೊಂದು ನಮ್ಮ ಚಪ್ಪರ ಏರಿ, ಕೊನೆಗೆ ನಮ್ಮನೆ ಸ್ಟೀಲ್ ಡಬ್ಬಿಯಲ್ಲಿ ಭೇಟಿಯಾಗುತ್ತವೆ. ಜನ ಇದಕ್ಕೆ ಬ್ಲೂಬೆರಿ, ಬ್ಲ್ಯಾಕ್‌ಬೆರಿ ಅಂತ ಚಿಕ್ಕ ಡಬ್ಬಿಗೆ ನೂರಾರು ರೂಪಾಯಿ ಕೊಟ್ಟು ತರುತ್ತಾರೆ. ಹೈವೇ ಪಕ್ಕ ಬುಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯದು ಕೂತಿರುತ್ತದೆ.

ತಂದ ಮೇಲೆ ಚೆನ್ನಾಗಿ ತೊಳೆಯಿರಿ. ಬೆಳೆಗಾರನಾಗಿ ಹೇಳುತ್ತಿದ್ದೇನೆ, ದ್ರಾಕ್ಷಿಗೆ ಔಷಧಿ ಹೊಡೆಯದೆ ಇರುವುದು ಕಷ್ಟ. ಉಪ್ಪು ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹರಿಯುವ ನೀರಿನಲ್ಲಿ ಉಜ್ಜಿ.

ನಾವು ಕೋಲಾರದವರು. ಮಾವಿನಹಣ್ಣಲ್ಲಿ ಆಗಲ್ವಾ?

ಶ್ರೀನಿವಾಸಪುರ ಇಟ್ಟುಕೊಂಡು ಈ ಪ್ರಶ್ನೆ ಕೇಳಬೇಕಾ? ಆಗುತ್ತದೆ, ಆದರೆ ಹಣ್ಣು ನೋಡಿ ಆರಿಸಿ. ಬಾದಾಮಿ ತುಂಬಾ ಗಟ್ಟಿ ತಿರುಳು, ಲೋಟ ಸೀಕರಣೆ ಆಗಿಬಿಡುತ್ತದೆ. ರಸಪುರಿ ಸರಿ: ನಾರು ಕಡಿಮೆ, ರಸ ತೆಳು. ಮೂರು ದೊಡ್ಡ ಚಮಚ ರಸ, ಪಾಕ 10 ಮಿ.ಲೀ.ಗೆ ಇಳಿಸಿ, ನಿಂಬೆ 25ಕ್ಕೆ ಏರಿಸಿ. ಉಳಿದದ್ದು ಹಾಗೇ.

ನನಗೆ ಇನ್ನೂ ಇಷ್ಟವಾದದ್ದು ಅರೆಹಣ್ಣು ತೋತಾಪುರಿ. ಚೂರು ಉಪ್ಪು, ನಾಲ್ಕು ತೆಳು ಹೋಳು ಕಿವುಚಿ ಹಾಕಿ. ಲೋಟದ ಅಂಚಿಗೆ ಉಪ್ಪು, ಖಾರದ ಪುಡಿ ಸವರಿ. ಶಾಲೆ ಗೇಟಿನ ಮುಂದೆ ಕಾಗದದಲ್ಲಿ ಕಟ್ಟಿಕೊಡುತ್ತಿದ್ದ ಮಾವಿನಕಾಯಿ ನೆನಪಾಗದಿದ್ದರೆ ಕೇಳಿ.

ಬಾಟಲಿ ನಿಂಬೆ ರಸ ನಡೆಯುತ್ತಾ?

ಇಲ್ಲ. ಅವತ್ತಿನ ನಿಂಬೆ, ಅವತ್ತಿನ ರಸ. ನಿಂಬೆ ಸಣ್ಣವಾದರೆ ಒಂದು ಲೋಟಕ್ಕೆ ಎರಡು ಬೇಕು. ಹಿಂಡುವಾಗ ಕೊನೆ ಹನಿಗೂ ಆಸೆ ಪಡಬೇಡಿ, ಸಿಪ್ಪೆಯ ಕಹಿ ಇಳಿಯುತ್ತದೆ.

ಸಕ್ಕರೆ ನೇರ ಹಾಕಬಾರದಾ? ಬೆಲ್ಲ?

ತಣ್ಣಗಿನ ಮದ್ಯದಲ್ಲಿ ಸಕ್ಕರೆ ಕರಗುವುದಿಲ್ಲ, ತಳದಲ್ಲಿ ಮರಳಿನ ಹಾಗೆ ಕೂರುತ್ತದೆ. ಒಂದು ಲೋಟ ಸಕ್ಕರೆ, ಒಂದು ಲೋಟ ನೀರು ಬಿಸಿ ಮಾಡಿ ಕರಗಿದ ತಕ್ಷಣ ಇಳಿಸಿ. ಎಳೆ ಪಾಕಕ್ಕೆ ಹೋಗಬೇಡಿ, ನಾವು ಚಿರೋಟಿ ಮಾಡುತ್ತಿಲ್ಲ. ಫ್ರಿಜ್‌ನಲ್ಲಿ ಎರಡು ವಾರ ಇರುತ್ತದೆ.

ಬೆಲ್ಲದ ಪಾಕ ಬರ್ಬನ್‌ಗೆ ಬಹಳ ಚೆನ್ನಾಗಿ ಹೊಂದುತ್ತದೆ. ಎರಡರಲ್ಲೂ ಕಂದಿದ ಸಕ್ಕರೆಯ ರುಚಿ ಇದೆಯಲ್ಲ. ಆದರೆ ಬಣ್ಣ ಕಪ್ಪಾಗುತ್ತದೆ, ದ್ರಾಕ್ಷಿಯ ನೇರಳೆ ಮಂಕಾಗುತ್ತದೆ. ಮಾವಿಗೆ ಬೆಲ್ಲ, ದ್ರಾಕ್ಷಿಗೆ ಸಕ್ಕರೆ: ಇದು ನನ್ನ ಲೆಕ್ಕ. ಪಾಕ ಮಾಡುವಾಗ ಒಂದು ತುಂಡು ಚಕ್ಕೆ, ಎರಡು ಲವಂಗ ಹಾಕಿದರೆ ಬಾರ್‌ಗಳಲ್ಲಿ ಎರಡು ಹನಿ ಬಿಡುವ ಬಿಟರ್ಸ್ (ಮಸಾಲೆಯ ಕಹಿ ಸಾರ) ಇಲ್ಲದ ಕೊರತೆ ತಕ್ಕಮಟ್ಟಿಗೆ ನೀಗುತ್ತದೆ.

ಐಸ್ ಬಗ್ಗೆ ಯಾಕಷ್ಟು ತಲೆ ಕೆಡಿಸಿಕೊಳ್ತೀರಿ?

ಯಾಕಂದರೆ ನೀವು ಕುಡಿಯುವುದರಲ್ಲಿ ಸುಮಾರು ಕಾಲು ಭಾಗ ಕರಗಿದ ಐಸ್. ನೀರು ಕೆಟ್ಟಿದ್ದರೆ ಡ್ರಿಂಕೂ ಕೆಟ್ಟಂತೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಗೊತ್ತಲ್ಲ, ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಎಷ್ಟೋ ಕಡೆ ಫ್ಲೋರೈಡ್ ಕೂಡ ಇದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ ಕ್ಯಾನ್ ನೀರಿನಲ್ಲೇ ಐಸ್ ಕಟ್ಟಿಸಿ. ಫ್ರೀಜರ್‌ನಲ್ಲಿ ಪಕ್ಕದಲ್ಲೇ ಮಟನ್ ಇದ್ದರೆ ಟ್ರೇ ಮುಚ್ಚಿಡಿ, ಐಸ್ ವಾಸನೆ ಹೀರಿಕೊಳ್ಳುತ್ತದೆ. ಮೀನಿನ ಅಂಗಡಿಗೆ ಬರುವ ಗಡ್ಡೆ ಐಸ್ ಕುಡಿಯುವುದಕ್ಕಲ್ಲ, ಅರ್ಜೆಂಟ್ ಅಂತ ಅದನ್ನು ತರಬೇಡಿ.

ಕುಲುಕುವಾಗ ಐಸ್ ಕಡಿಮೆ ಹಾಕಿದರೆ ಡ್ರಿಂಕ್ ನೀರಾಗುವುದಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉಲ್ಟಾ. ಕಡಿಮೆ ಐಸ್ ಬೇಗ ಕರಗಿ ಹೋಗುತ್ತದೆ, ತಂಪೂ ಆಗುವುದಿಲ್ಲ. ತುಂಬಾ ಐಸ್ ಹಾಕಿದರೆ ಸ್ವಲ್ಪವೇ ಕರಗಿ ಬೇಗ ತಂಪಾಗುತ್ತದೆ.

ಶೇಕರ್ ಇಲ್ಲ. ಸೋಡಾ ಹಾಕಬಹುದಾ?

ಎರಡನ್ನೂ ಒಟ್ಟಿಗೆ ಹೇಳಲು ಕಾರಣ ಇದೆ. ಬಿಗಿ ಮುಚ್ಚಳದ ಯಾವ ಸ್ಟೀಲ್ ಡಬ್ಬಿಯೂ, ಅಗಲ ಬಾಯಿಯ ಗಾಜಿನ ಬಾಟಲಿಯೂ ಶೇಕರ್ ಆಗುತ್ತದೆ. ಉಪ್ಪಿನಕಾಯಿ ಬಾಟಲಿ ಮಾತ್ರ ಬೇಡ, ಏಳು ಜನ್ಮ ತೊಳೆದರೂ ಮುಚ್ಚಳದ ರಬ್ಬರ್ ಮೆಂತ್ಯ ಬಿಡುವುದಿಲ್ಲ. ಸೋಡಾ ಬೇಕಿದ್ದರೆ ಲೋಟಕ್ಕೆ ಸೋಸಿದ ಮೇಲೆ 50 ಮಿ.ಲೀ. ಮೇಲಿಂದ ಹಾಕಿ. ನನ್ನ ಭಾವಮೈದ ಸೋಡಾವನ್ನೂ ಡಬ್ಬಿಗೇ ಹಾಕಿ ಕುಲುಕಿದ. ಮುಚ್ಚಳ ಚಪ್ಪರಕ್ಕೆ ಹೋಯಿತು, ಉಳಿದದ್ದು ಅವನ ಬಿಳಿ ಶರ್ಟಿಗೆ. ಬೆಂಗಳೂರು ಬ್ಲೂ ಕಲೆ ಹೋಗುವುದಿಲ್ಲ, ಆ ಶರ್ಟು ಈಗ ಬೈಕ್ ಒರೆಸುತ್ತದೆ.

ಹತ್ತು ಜನ ಬರ್ತಾರೆ. ಒಂದೊಂದೇ ಕುಲುಕ್ತಾ ಕೂರಲಾ?

ಬೇಡ. ಬರ್ಬನ್ 600 ಮಿ.ಲೀ., ನಿಂಬೆ ರಸ 200, ಪಾಕ 150, ದ್ರಾಕ್ಷಿ ಅರ್ಧ ಕೆ.ಜಿ. ಕಿವುಚಿ ಸೋಸಿದ ರಸ. ಕುಲುಕದೆ ಇರುವುದರಿಂದ ಕರಗುವ ಐಸ್ ಲೆಕ್ಕಕ್ಕೆ 350 ಮಿ.ಲೀ. ತಣ್ಣೀರು ಸೇರಿಸಿ. ಎರಡು ಗಂಟೆ ಫ್ರಿಜ್‌ನಲ್ಲಿಡಿ. ಪುದೀನ ಮಾತ್ರ ಮೊದಲೇ ಹಾಕಬೇಡಿ, ಕಪ್ಪಾಗುತ್ತದೆ. ಕೊಡುವಾಗ ಒಂದೊಂದು ಲೋಟಕ್ಕೂ ಚಪ್ಪಾಳೆ ಹೊಡೆದು ಹಾಕಿ.

ಜ್ಯೂಸ್ ಥರ ಇಳೀತಲ್ಲ, ಇದು ಎಷ್ಟು ಸ್ಟ್ರಾಂಗ್?

ಇದು ಈ ಡ್ರಿಂಕಿನ ಒಳ್ಳೆಯ ಗುಣವೂ ಹೌದು, ಅಪಾಯವೂ ಹೌದು. ಶೇ 40ರ 60 ಮಿ.ಲೀ. ಬರ್ಬನ್‌ನಲ್ಲಿ ಅಪ್ಪಟ ಆಲ್ಕೋಹಾಲ್ 24 ಮಿ.ಲೀ., ತೂಕದಲ್ಲಿ ಸುಮಾರು 19 ಗ್ರಾಂ. ನಿಂಬೆ, ಹಣ್ಣು, ನೀರು ಸೇರಿ ಲೋಟ 160 ಮಿ.ಲೀ. ಆದರೆ ಶೇ 15 ಆಯಿತು. ವೈನಿಗಿಂತ ತುಸು ಜಾಸ್ತಿಯೇ. ಸಿಹಿ, ಹುಳಿ, ಪುದೀನ ಎಲ್ಲ ಸೇರಿ ಅದನ್ನು ಬಚ್ಚಿಡುತ್ತವೆ. ನಮ್ಮನೆಯಲ್ಲಿ ಒಬ್ಬರಿಗೆ ಎರಡೇ ಲೋಟ, ಮೂರನೆಯದಕ್ಕೆ ದ್ರಾಕ್ಷಿ ಖಾಲಿ ಅನ್ನುತ್ತೇನೆ. ಚಪ್ಪರ ಮೇಲೆ ಜೋತಾಡುತ್ತಿದ್ದರೂ ಸರಿ.

ಗಾಡಿ ಓಡಿಸುವವರಿಗೆ ಒಂದೂ ಇಲ್ಲ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಒಂದೇ ಲೋಟ ಎಷ್ಟೋ ಜನರನ್ನು ಅದರ ಆಚೆ ದಾಟಿಸುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸಕ್ಕರೆ ಕಾಯಿಲೆ ಮಾತ್ರೆ, ನಿದ್ರೆ ಮಾತ್ರೆ, ಆಂಟಿಬಯಾಟಿಕ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಬಸುರಿಯರಿಗೆ ಬೇಡವೇ ಬೇಡ.

ಕುಡಿಯದವರಿಗೆ ಏನು ಕೊಡೋದು?

ನಮ್ಮಕ್ಕನಿಗೆ ಮಾಡಿಕೊಡುವುದು ಇದು: ಬರ್ಬನ್ ಜಾಗಕ್ಕೆ ತಣ್ಣಗಾದ ಸ್ಟ್ರಾಂಗ್ ಟೀ ಡಿಕಾಕ್ಷನ್ 60 ಮಿ.ಲೀ., ಎರಡು ಹನಿ ವೆನಿಲಾ ಎಸೆನ್ಸ್, ಸಕ್ಕರೆ ಬದಲು ಬೆಲ್ಲದ ಪಾಕ 20 ಮಿ.ಲೀ. ಓಕ್ ಪೀಪಾಯಿ ಕೊಡುವ ಒಗರನ್ನು ಟೀ ಕೊಡುತ್ತದೆ. ದ್ರಾಕ್ಷಿ, ನಿಂಬೆ, ಪುದೀನ ಮೊದಲಿನಂತೆಯೇ. ಸುಳ್ಳು ಹೇಳಬಾರದು, ಬಿಸಿಲು ಹೊತ್ತಿನಲ್ಲಿ ನಾನೂ ಇದನ್ನೇ ಕುಡಿಯುವುದು.

ನೆಂಚಿಕೊಳ್ಳೋಕೆ?

ಖಾರ, ಉಪ್ಪು ಬೇಕು, ಸಿಹಿ ಬೇಡ. ಬೇಯಿಸಿದ ಕಡಲೆಕಾಯಿ ಅತ್ಯುತ್ತಮ. ಚಳಿಗಾಲದಲ್ಲಿ ಅವರೆಕಾಯಿ ಕಾಲ ಬಂದರೆ ಹಿತಕಿದ ಬೇಳೆ ಹುರಿದು ಬೆಳ್ಳುಳ್ಳಿ, ಕರಿಬೇವು ಹಾಕಿದ್ದು. ಮುಂದೆ ಮಾತಾಡುವುದಿಲ್ಲ.

ಒಂದು ಕಟ್ಟು ಪುದೀನ ತಂದರೆ ಹತ್ತು ಎಲೆ ಖರ್ಚು. ಉಳಿದದ್ದು?

ಎಲೆ ಚಟ್ನಿಗೆ. ಆದರೆ ಕಡ್ಡಿ ಎಸೆಯಬೇಡಿ. ದಪ್ಪ ಕಡ್ಡಿ ನಾಲ್ಕು ಆರಿಸಿ, ಕೆಳಗಿನ ಎಲೆ ಕಿತ್ತು, ಗಂಟು ಮುಳುಗುವಂತೆ ನೀರಿನ ಲೋಟದಲ್ಲಿ ಅಡುಗೆಮನೆ ಕಿಟಕಿಯಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ವಾರ ಹತ್ತು ದಿನದಲ್ಲಿ ಗಂಟಿನಿಂದ ಬಿಳಿ ದಾರದ ಹಾಗೆ ಬೇರು ಬರುತ್ತದೆ. ಕುಂಡಕ್ಕೆ ನೆಡಿ, ನೆಲಕ್ಕೆ ಬೇಡ, ನೆಲಕ್ಕೆ ಬಿಟ್ಟರೆ ಪಕ್ಕದ ಗಿಡವನ್ನೆಲ್ಲ ತಿಂದುಹಾಕುತ್ತದೆ. ಬಚ್ಚಲ ನೀರು ಹೋಗುವ ಜಾಗದ ಪಕ್ಕ ನಮ್ಮ ಕುಂಡ ಇದೆ. ಬಂದಾಗ ಒಂದು ಕಡ್ಡಿ ಕೇಳಿ, ಕೊಡುತ್ತೇನೆ.